ಎಡೆದೊರೆಯ ಹೊಲಗಳು: ಗಡಿಯ ಕಲಹವೂ ಬೆಳೆಯ ಭಾಗ್ಯವೂ

ಕ್ರಿ. ಶ. 1369ನೆಯ ಇಸವಿಯಲ್ಲಿ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿ, ಅದರ ವಿಷಯವಾಗಿ ಸಂಸ್ಕೃತ ಶ್ಲೋಕಗಳಲ್ಲಿ ಒಂದು ಶಾಸನವನ್ನು ಬರೆಯಿಸಿದನು. ದಿನಕ್ಕೆ 1000 ಆಳುಗಳೂ 100 ಬಂಡಿಗಳೂ ದುಡಿದು, ಎರಡು ವರ್ಷಗಳಲ್ಲಿ ಆ ಕೆಲಸವು ಕೈಗೂಡಿತೆಂದು ಅದರಲ್ಲಿ ಹೇಳಿದೆ. ಆದರೆ ಆ ಶಾಸನದ ನಿಜವಾದ ಬೆಲೆಯು ಈ ಲೆಕ್ಕದಲ್ಲಿಲ್ಲ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಕಟ್ಟುವವನು ತಪ್ಪಿಸಬೇಕಾದ 6 ದೋಷಗಳನ್ನೂ ಅದು ಶಾಸ್ತ್ರೀಯವಾಗಿ ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವದು, ನೆಲವು ಸವಳಾಗಿರುವದು, ಕೆರೆಯಂಗಳದ ನಡುವೆ ಆಮೆಯ ಬೆನ್ನಿನಂತೆ ದಿಬ್ಬವೇಳುವದು, ನೀರು ಅಲ್ಪವಾಗಿ ನೆಲವು ಬಹಳವಾಗುವದು, ನೆಲವು ಅಲ್ಪವಾಗಿ ನೀರು ಬಹಳವಾಗುವದು, ಇವು ಐದು. ಇವೆಲ್ಲವೂ ಮಣ್ಣಿಗೂ ನೀರಿಗೂ ಸಂಬಂಧಿಸಿದವು. ಯಾವ ಒಕ್ಕಲಿಗನಾದರೂ ಒಪ್ಪತಕ್ಕವು. ಉಳಿದ ಒಂದು ದೋಷವು ಮಾತ್ರ ಬೇರೆ ಜಾತಿಯದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯು ಇರಕೂಡದು, ಎಂಬದೇ ಅದು.

ಜಲಶಾಸ್ತ್ರವನ್ನು ಬಲ್ಲವರು ರಾಜಕಾರಣದ ಈ ಮಾತನ್ನು ಸವಳು ನೆಲದ ಪಕ್ಕದಲ್ಲಿಯೇ ಏಕೆ ಇಟ್ಟರು? ಇದಕ್ಕೆ ಉತ್ತರವನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆನಾಡು, ಎಂದರೆ ಬಹುಮಟ್ಟಿಗೆ ಇಂದಿನ ರಾಯಚೂರು ಕೊಪ್ಪಳ ಜಿಲ್ಲೆಗಳ ಪ್ರದೇಶವು, ಈ ದೋಷಕ್ಕೆ ಬರೆದಿಟ್ಟ ಭಾಷ್ಯದಂತಿದೆ. ಎಡಕ್ಕೊಂದು ಬಲಕ್ಕೊಂದು ಮಹಾನದಿಗಳಿದ್ದು, ನಡುವೆ ವಿಶಾಲವಾದ ಎರೆನೆಲವಿದ್ದೂ, ಈ ನಾಡು ಶತಮಾನಗಳವರೆಗೆ ಮಳೆಯನ್ನೇ ಮುಗಿಲು ನೋಡಿ ಕಾಯುತ್ತಿತ್ತು. ಗಡಿಯ ಕಲಹದಿಂದ ಬೆಳೆಗೆ ಬರುವ ಕೇಡು ಒಂದು ವರ್ಷದ ಪೈರು ಹಾಳಾಗುವದರಲ್ಲಿ ಮುಗಿಯುವದಿಲ್ಲ. ಮುಂದಿನ ನೂರು ವರ್ಷಗಳ ಪೈರಿಗೆ ನೀರುಣಿಸಬೇಕಾದ ಕೆರೆ ಕಾಲುವೆಗಳು ಹುಟ್ಟದೆಯೇ ಹೋಗುವದರಲ್ಲಿ ಅದರ ಪೂರ್ಣಸ್ವರೂಪವು ಕಾಣುತ್ತದೆ. ಇದನ್ನು ಇತಿಹಾಸದ ಆಧಾರದಿಂದ ತೋರಿಸುವದೇ ಈ ಲೇಖನದ ಉದ್ದೇಶ.

ಎಡೆದೊರೆಯು ಗಡಿನಾಡಾದದ್ದು ವಿಜಯನಗರದ ಕಾಲದಲ್ಲಿ ಮಾತ್ರವೇ ಅಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ರಾಜೇಂದ್ರಚೋಳನು ತಾನು ಗೆದ್ದ ನಾಡುಗಳನ್ನು ಪ್ರಶಸ್ತಿಯಲ್ಲಿ ಹೇಳಿಕೊಳ್ಳುವಾಗ 'ಇಡೈತುರೈನಾಡು' ಎಂದು ಇದನ್ನೂ ಹೆಸರಿಸಿದ್ದಾನೆ. ಚಾಲುಕ್ಯರಿಗೂ ಚೋಳರಿಗೂ ನಡೆದ ದೀರ್ಘಕಲಹದಲ್ಲಿ ಈ ನೆಲವು ತುಳಿತಕ್ಕೆ ಸಿಕ್ಕಿತ್ತು. ಬಳಿಕ 1294ರಲ್ಲಿ ಕಾಕತೀಯರ ಪರವಾಗಿ ಗೋರೆ ಗನ್ನಯ್ಯರೆಡ್ಡಿಯು ರಾಯಚೂರಿನ ಕೋಟೆಯನ್ನು ಕಟ್ಟಿಸಿದನು. ಆ ಕೋಟೆಯ ಗೋಡೆಯಲ್ಲಿ ಸುಮಾರು 40 ಅಡಿ ಉದ್ದದ ಒಂದೇ ಬಂಡೆಯಿದೆ. ಅದರ ಮೇಲೆ ಶಾಸನವಿದೆ. ಆ ಬಂಡೆಯನ್ನು ಗಾಲಿಗಳ ಮೇಲೇರಿಸಿ ಕೋಣಗಳ ಉದ್ದವಾದ ಸಾಲೊಂದು ಎಳೆದು ತಂದುದರ ರೇಖಾಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಕೋಟೆಯನ್ನು ನೋಡಹೋದವರು ಬಂಡೆಯ ಗಾತ್ರಕ್ಕೆ ಬೆರಗಾಗಿ ಬರುವರು. ಚಿತ್ರದೊಳಗಿನ ಆ ಕೋಣಗಳನ್ನು ಕುರಿತು ಯೋಚಿಸುವವರು ವಿರಳ. ನೊಗಕ್ಕೆ ಹೂಡುವ ಪ್ರಾಣಿಯ ಬಲವು ಒಂದೇ. ಅದು ಕೋಟೆಯ ಕಲ್ಲನ್ನು ಎಳೆಯುವ ದಿನ ಹೊಲದ ನೇಗಿಲನ್ನು ಎಳೆಯಲಾರದು. ಗಡಿನಾಡು ತನ್ನ ಬಲವನ್ನು ಎಲ್ಲಿ ವ್ಯಯಮಾಡುತ್ತದೆಂಬದಕ್ಕೆ ಆ ಚಿತ್ರಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

1336ರಲ್ಲಿ ವಿಜಯನಗರವೂ 1347ರಲ್ಲಿ ಬಹಮನೀ ರಾಜ್ಯವೂ ಸ್ಥಾಪಿತವಾದ ಮೇಲೆ ಈ ನಾಡಿನ ಕಷ್ಟವು ನೆಲೆನಿಂತಿತು. ಆ ಮೇಲಿನ ಎರಡು ಶತಮಾನಗಳಲ್ಲಿ ಮುದಗಲ್ಲು ಮತ್ತು ರಾಯಚೂರು ಕೋಟೆಗಳು ಎಷ್ಟು ಸಲ ಕೈಬದಲಾಯಿಸಿದವೆಂಬದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. 1366ರ ಸುಮಾರಿಗೆ ಬುಕ್ಕರಾಯನಿಗೂ ಮಹಮ್ಮದಶಹನಿಗೂ, 1398ರಲ್ಲಿ ಎರಡನೆಯ ಹರಿಹರನಿಗೂ ಫಿರೋಜಶಹನಿಗೂ, 1406ರಲ್ಲಿ ಒಂದನೆಯ ದೇವರಾಯನಿಗೂ ಅದೇ ಫಿರೋಜಶಹನಿಗೂ, 1443ರಲ್ಲಿ ಎರಡನೆಯ ದೇವರಾಯನಿಗೂ ಬಹಮನೀ ಸುಲ್ತಾನನಿಗೂ ನಡೆದ ಯುದ್ಧಗಳು ಇದೇ ನೆಲದ ಮೇಲೆ ಅಥವಾ ಇದೇ ನೆಲಕ್ಕಾಗಿ ನಡೆದವು. ಬಹಮನೀ ರಾಜ್ಯವು ಒಡೆದ ಮೇಲೆ ವಿಜಾಪುರದ ಆದಿಲಶಾಹಿಯು ಆ ವೈರವನ್ನು ಆಸ್ತಿಯಂತೆ ಪಡೆಯಿತು.

ಈ ಯುದ್ಧಗಳ ವೃತ್ತಾಂತಗಳನ್ನು ಓದುವಾಗ ನಮ್ಮ ಕಣ್ಣು ದೊರೆಗಳ ಮೇಲೆಯೇ ನಿಲ್ಲುವದು ಸ್ವಾಭಾವಿಕ. ಆದರೂ ವಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸವನ್ನು ಬರೆದ ಫೆರಿಸ್ತನ ಗ್ರಂಥದಲ್ಲಿ ಅಲ್ಲಲ್ಲಿ ಹಳ್ಳಿಯ ಸ್ಥಿತಿಯೂ ಇಣಿಕಿ ನೋಡುತ್ತದೆ. ಮುದಗಲ್ಲಿನ ಅಕ್ಕಸಾಲೆಯ ಮಗಳಿಗಾಗಿ 1406ರ ಯುದ್ಧವು ಹುಟ್ಟಿತೆಂದು ಅವನು ಹೇಳುವ ಕಥೆಯು ಪ್ರಸಿದ್ಧವಾಗಿದೆ. ಕಥೆಯು ಎಷ್ಟರಮಟ್ಟಿಗೆ ನಿಜವೆಂಬದು ವಾದದ ವಿಷಯ. ಅದರಲ್ಲಿಯ ಒಂದು ಅಂಶವು ಮಾತ್ರ ಕವಿಕಲ್ಪನೆಯಾಗಿ ಕಾಣುವದಿಲ್ಲ. ದಂಡು ಬರುವ ಸುದ್ದಿಯನ್ನು ಕೇಳಿ ಆ ಹುಡುಗಿಯ ಕುಟುಂಬದವರು ಓಡಿಹೋದರು. ಹುಡುಗಿಯು ಸಿಕ್ಕದೆ ಹೋದಾಗ ದಂಡಿನವರು ಸುತ್ತಲಿನ ಹಳ್ಳಿಗಳನ್ನು ಸುಲಿದರು. ಇದಕ್ಕೆ ಪ್ರತಿಯಾಗಿ ಬಂದ ಸುಲ್ತಾನನ ಸೈನ್ಯವು ತುಂಗಭದ್ರೆಯ ದಕ್ಷಿಣದ ನಾಡನ್ನು ಸುಲಿಯಿತು. ಧ್ವಜವು ಯಾರದಿದ್ದರೂ ಸುಲಿಗೆಯ ರೀತಿಯು ಒಂದೇ ಆಗಿತ್ತು. 1366ರ ಯುದ್ಧದ ಭಯಂಕರವಾದ ಕೊಲೆಯ ತರುವಾಯ, ಇನ್ನು ಮುಂದೆ ಆಯುಧವಿಲ್ಲದವರನ್ನು ಕೊಲ್ಲಕೂಡದೆಂದು ಎರಡೂ ಪಕ್ಷದವರು ಒಪ್ಪಂದವನ್ನು ಮಾಡಿಕೊಂಡರೆಂದು ಫೆರಿಸ್ತನೇ ಹೇಳುತ್ತಾನೆ. ಇದು ಮನುಷ್ಯತ್ವಕ್ಕೆ ಒಪ್ಪುವ ಮಾತು. ಆದರೆ ಈ ಒಪ್ಪಂದವು ಕಾಪಾಡಿದ್ದು ಪ್ರಾಣವನ್ನು, ಪೈರನ್ನಲ್ಲ. ಬದುಕಿ ಉಳಿದ ಒಕ್ಕಲಿಗನು ಮುಂದಿನ ಸುಗ್ಗಿಯವರೆಗೆ ಏನನ್ನು ತಿನ್ನಬೇಕೆಂಬದಕ್ಕೆ ಅದರಲ್ಲಿ ಯಾವ ಕಲಮೂ ಇರಲಿಲ್ಲ.

ಯುದ್ಧದ ಕಾಲವೂ ಬೆಳೆಯ ಕಾಲವೂ ಒಂದರ ಮೇಲೊಂದು ಬಿದ್ದದ್ದು ಈ ನಾಡಿನ ದೊಡ್ಡ ದುರ್ದೈವ. ಮಳೆಗಾಲದಲ್ಲಿ ಎರೆಯ ನೆಲವು ಕೆಸರಾಗಿ ಕುದುರೆಯ ಕಾಲು ಹೂಳುತ್ತದೆ. ನದಿಗಳು ತುಂಬಿ ಹರಿಯುತ್ತವೆ. ಆದಕಾರಣ ದಂಡುಗಳು ಮಳೆಯು ಹಿಂದಾದ ಮೇಲೆಯೇ ಹೊರಡಬೇಕು. ವಿಜಯದಶಮಿಯ ಸೀಮೋಲ್ಲಂಘನವೆಂಬ ಆಚಾರವನ್ನು ಇಂದು ನಾವು ಊರ ಹೊರಗೆ ಹೋಗಿ ಬನ್ನಿಯನ್ನು ಮುಡಿದು ಮುಗಿಸುವೆವು. ಆ ಶಬ್ದದ ಅರ್ಥವು ಸೀಮೆಯನ್ನು ದಾಟುವದು ಎಂದಲ್ಲವೇ? ಮಹಾನವಮಿಯ ಕಾಲದಲ್ಲಿ ವಿಜಯನಗರದ ದೊರೆಯು ತನ್ನ ಸೈನ್ಯವನ್ನು ಪರೀಕ್ಷಿಸುತ್ತಿದ್ದುದನ್ನು ಪೋರ್ತುಗೀಜ ಪ್ರವಾಸಿಯಾದ ಪಾಯೆಸನು ಕಣ್ಣಾರೆ ಕಂಡು ಬರೆದಿದ್ದಾನೆ. ಎರೆಭೂಮಿಯ ಒಕ್ಕಲಿಗನಾದರೋ ಅದೇ ದಿನಗಳಲ್ಲಿ ಹಿಂಗಾರಿ ಜೋಳವನ್ನು ಬಿತ್ತುತ್ತಿರುವನು. ಬಿತ್ತಿದ ಜೋಳವು ಹೊಡೆಹಿರಿದು ತೆನೆಗಟ್ಟಿ ಸಂಕ್ರಾಂತಿಯ ಆಚೀಚೆಗೆ ಹಾಲುಗಾಳಾಗಿ ಬಲಿಯುವವರೆಗೂ ದಂಡುಗಳು ಅದೇ ಹೊಲಗಳ ನಡುವೆ ಓಡಾಡುವವು. 1564ರ ಡಿಸೆಂಬರದ ಕೊನೆಯಲ್ಲಿ ಸುಲ್ತಾನರ ಸೈನ್ಯಗಳು ತಾಳಿಕೋಟೆಯಲ್ಲಿ ನೆರೆದವು. ರಕ್ಕಸತಂಗಡಿಯ ಯುದ್ಧವು ನಡೆದದ್ದು 1565ರ ಜನವರಿ 23ರಂದು. ಕೃಷ್ಣೆಯ ದಂಡೆಯ ಹೊಲಗಳಲ್ಲಿ ಅದು ಸೀತನಿಯ ಕಾಲ. ಆ ವರ್ಷ ಆ ಹೊಲಗಳ ತೆನೆಯನ್ನು ಯಾರ ಕುದುರೆಗಳು ಮೇದವೆಂದು ಯಾವ ಚರಿತ್ರಕಾರನೂ ಬರೆದಿಲ್ಲ.

ಒಂದು ದಂಡಿನ ಹಸಿವು ಎಷ್ಟಿರಬಹುದೆಂಬದನ್ನು 1520ರ ರಾಯಚೂರಿನ ಮುತ್ತಿಗೆಯಿಂದ ತಿಳಿಯಬಹುದು. ನೂನಿಜನೆಂಬ ಪೋರ್ತುಗೀಜ ವರ್ತಕನು ಬರೆದಿಟ್ಟ ವೃತ್ತಾಂತವನ್ನು ರಾಬರ್ಟ್ ಸೀವೆಲನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಈ ಯುದ್ಧದ ವಿವರಗಳು ಎಲ್ಲರಿಗೂ ಸಿಕ್ಕುವಂತಾದವು. ಕೃಷ್ಣದೇವರಾಯನೊಡನೆ ಏಳು ಲಕ್ಷ ಕಾಲಾಳುಗಳೂ 32,000ಕ್ಕೆ ಮೇಲ್ಪಟ್ಟ ಕುದುರೆಗಳೂ 500ಕ್ಕೆ ಮೇಲ್ಪಟ್ಟ ಆನೆಗಳೂ ಹೊರಟವೆಂದು ಅವನ ಲೆಕ್ಕ. ಈ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಕುದುರೆಗಳನ್ನು ಅರ್ಧಕ್ಕೆ ಇಳಿಸಿ 16,000 ಎಂದು ಹಿಡಿಯೋಣ. ಕುದುರೆಗೆ ದಿನಕ್ಕೆ ಎರಡೇ ಸೇರು ಹುರುಳಿಯನ್ನು ಹಾಕಿದರೆಂದು ಎಣಿಸೋಣ. ದಿನಕ್ಕೆ 32,000 ಸೇರು ಆಯಿತು. ಮುತ್ತಿಗೆಯು ಮೂರು ತಿಂಗಳು ನಡೆಯಿತೆಂದು ನೂನಿಜನು ಹೇಳುವದರಿಂದ, ಅಷ್ಟು ಕಾಲಕ್ಕೆ 28,80,000 ಸೇರು ಹುರುಳಿ ಬೇಕು. ಇದರಲ್ಲಿ ಮೇವಿನ ಕಣಿಕೆಯು ಸೇರಿಲ್ಲ. ಆನೆಗಳ ಲೆಕ್ಕವು ಸೇರಿಲ್ಲ. ಮನುಷ್ಯರ ಹೊಟ್ಟೆಯ ಮಾತನ್ನು ನಾವು ಎತ್ತಿಯೇ ಇಲ್ಲ. ಪಾಳೆಯದ ಪೇಟೆಯಲ್ಲಿ ಎಲ್ಲ ಧಾನ್ಯಗಳೂ ಬೇಕಾದಷ್ಟು ದೊರೆಯುತ್ತಿದ್ದವೆಂದು ನೂನಿಜನು ಮೆಚ್ಚಿಕೊಂಡು ಬರೆಯುತ್ತಾನೆ. ಪೇಟೆಯಲ್ಲಿ ಇದ್ದ ಧಾನ್ಯವು ಯಾವದೋ ಹಗೇವಿನಿಂದ ತೆಗೆದದ್ದಾಗಿರಬೇಕಲ್ಲವೇ?

ನೀರಿನ ಗತಿಯೂ ಹೀಗೆಯೇ. ದಾರಿಯಲ್ಲಿ ಬಾಯಾರಿದವರಿಗೆ ಕೊಡುವದಕ್ಕಾಗಿ ತೊಗಲಿನ ಚೀಲಗಳಲ್ಲಿ ನೀರು ಹೊತ್ತ 12,000 ಆಳುಗಳು ಈ ದಂಡಿನಲ್ಲಿದ್ದರಂತೆ. ಒಂದು ಹೊಳೆಯನ್ನು ದಾಟುವಾಗ ಮೊದಲು ಮೊಣಕಾಲಿನ ಅರ್ಧದಷ್ಟು ನೀರಿದ್ದು, ಸೈನ್ಯದ ಅರ್ಧಪಾಲು ದಾಟುವದರೊಳಗಾಗಿ ಒಂದು ಹನಿಯೂ ಉಳಿಯದೆ, ಹಿಂದಿನವರು ಉಸುಕಿನಲ್ಲಿ ಒರತೆ ತೋಡಬೇಕಾಯಿತೆಂದು ಅವನು ಹೇಳುತ್ತಾನೆ. ದಂಡು ಮುಂದೆ ಹೋಯಿತು. ಬೇಸಗೆಯ ಆ ಉಳಿದ ದಿನಗಳಲ್ಲಿ ಆ ಹೊಳೆಯ ದಂಡೆಯ ಊರುಗಳು ಏನು ಮಾಡಿದವು?

ಒಕ್ಕಲಿಗನು ಇದಕ್ಕೆಲ್ಲ ತನ್ನದೇ ಆದ ಉಪಾಯಗಳನ್ನು ಹುಡುಕಿಕೊಳ್ಳದೆ ಇರಲಿಲ್ಲ. ನೆಲದೊಳಗೆ ಹಗೇವನ್ನು ತೋಡಿ, ಜೋಳವನ್ನು ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟರೆ ಹುಳುವಿನಿಂದಲ್ಲದೆ ದಂಡಿನ ಕಣ್ಣಿನಿಂದಲೂ ಕಾಳನ್ನು ಮರೆಮಾಡಬಹುದು. ಆದರೆ ಎತ್ತುಗಳನ್ನು ಹಗೇವಿನಲ್ಲಿ ಮುಚ್ಚಿಡಲು ಬರುವದಿಲ್ಲ. ತುರುಗೊಳ್ಳುವ ಕಾಳಗದಲ್ಲಿ ಮಡಿದ ವೀರರ ಕಲ್ಲುಗಳು ನಮ್ಮ ನಾಡಿನ ಊರೂರಿನಲ್ಲಿ ನಿಂತಿರುವದನ್ನು ವಾಚಕರು ನೋಡಿರುವರು. ದನಕ್ಕಾಗಿ ಪ್ರಾಣವನ್ನು ಏಕೆ ಕೊಟ್ಟರೆಂದರೆ, ದನವು ಹೋದರೆ ಉಳುಮೆಯು ಹೋಯಿತು; ಒಂದು ಬೆಳೆಯಲ್ಲ, ಹೊಸ ಎತ್ತುಗಳು ಬೆಳೆದು ನೊಗಕ್ಕೆ ಬರುವವರೆಗಿನ ಬೆಳೆಗಳೆಲ್ಲವೂ ಹೋದವು. ಇದಕ್ಕೆ ವಿರುದ್ಧವಾದ ಚಿತ್ರವೂ ಒಂದಿದೆ. 1378ರಿಂದ 1397ರವರೆಗೆ ಆಳಿದ ಬಹಮನೀ ದೊರೆ ಎರಡನೆಯ ಮಹಮ್ಮದಶಹನು ಶಾಂತಿಪ್ರಿಯನು. ಅವನ ಕಾಲದಲ್ಲಿ ಘೋರವಾದ ಕ್ಷಾಮವು ಬಂದಾಗ, ಹತ್ತು ಸಾವಿರ ಎತ್ತುಗಳನ್ನು ಇಟ್ಟು ಮಾಳವ ಗುಜರಾತಗಳಿಂದ ಧಾನ್ಯವನ್ನು ತರಿಸಿದನೆಂದು ಫೆರಿಸ್ತನು ಹೇಳುತ್ತಾನೆ. ಮಳೆಯು ಕೊಟ್ಟ ಕ್ಷಾಮಕ್ಕೆ ಶಾಂತಿಯ ಕಾಲದಲ್ಲಿ ಮದ್ದು ಇದೆ. ಅದೇ ಹತ್ತು ಸಾವಿರ ಎತ್ತುಗಳು ದಂಡಿನ ಸಾಮಾನನ್ನು ಹೊತ್ತು ಕೃಷ್ಣೆಯ ದಂಡೆಯಲ್ಲಿದ್ದಿದ್ದರೆ ಮಾಳವದ ಧಾನ್ಯವು ಮಾಳವದಲ್ಲಿಯೇ ಉಳಿಯುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ಹಾನಿ. ಕಣ್ಣಿಗೆ ಕಾಣದ ಹಾನಿಯನ್ನು ತಿಳಿಯಬೇಕಾದರೆ ತುಂಗಭದ್ರೆಯ ಎರಡು ದಂಡೆಗಳನ್ನು ಹೋಲಿಸಿ ನೋಡಬೇಕು. ವಿಜಯನಗರದ ಅರಸರು ನೀರಾವರಿಯ ಕೆಲಸದಲ್ಲಿ ನಿಸ್ಸೀಮರು. ಗಡಿಯಿಂದ ದೂರವಾದ ಹರಿಹರದಲ್ಲಿ ಹರಿದ್ರಾ ನದಿಗೆ 1410ರ ಹೊತ್ತಿಗೆ ಅಣೆಯೊಂದು ಕಟ್ಟಿತ್ತು. ಅದು ಒಡೆದುಹೋಗಲು, 1424ರಲ್ಲಿ ಎರಡನೆಯ ದೇವರಾಯನ ದಂಡನಾಯಕನೊಬ್ಬನ ದ್ರವ್ಯಸಹಾಯದಿಂದ ಅದನ್ನು ಮತ್ತೆ ಕಟ್ಟಿದರೆಂದು ಅಲ್ಲಿಯ ಶಾಸನಗಳು ಸಾರುತ್ತವೆ. ಒಡೆದ ಅಣೆಯನ್ನು ಮರಳಿ ಕಟ್ಟುವ ಧೈರ್ಯವು ಬರುವದು, ನಾಳೆಯೂ ಈ ನೆಲವು ನಮ್ಮದೇ ಎಂಬ ನಂಬಿಕೆಯಿದ್ದಲ್ಲಿ ಮಾತ್ರ. ರಾಜಧಾನಿಯ ಸುತ್ತಲೂ ತುಂಗಭದ್ರೆಗೆ ಸಾಲುಸಾಲಾಗಿ ಅಣೆಗಳನ್ನು ಕಟ್ಟಿ ತೆಗೆದ ಕಾಲುವೆಗಳಲ್ಲಿ ಹಲವು ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ಅವುಗಳಲ್ಲಿ ಬಹುಪಾಲು ಬಲದಂಡೆಯವು. ಎಡದಂಡೆಯ ಕಾಲುವೆಗಳು ಹೆಚ್ಚಾಗಿ ಹುಲಿಗಿ, ಆನೆಗೊಂದಿ, ಗಂಗಾವತಿಗಳ ಆಸುಪಾಸಿನಲ್ಲಿಯೇ, ಎಂದರೆ ರಾಜಧಾನಿಯ ಕಾವಲು ಮುಟ್ಟುವಷ್ಟು ದೂರದಲ್ಲಿಯೇ ಇವೆ. ಅಲ್ಲಿಂದ ರಾಯಚೂರಿನ ಕಡೆಗೆ ಇಳಿದಂತೆ ಅವು ವಿರಳವಾಗುತ್ತವೆ.

ಇದರಲ್ಲಿ ಪ್ರಕೃತಿಯ ಪಾಲೂ ಇದೆಯೆಂಬದನ್ನು ಮರೆಯಬಾರದು. ರಾಜಧಾನಿಯ ಬಳಿ ಬಂಡೆಗಳ ನಡುವೆ ಹರಿಯುವ ಹೊಳೆಗೆ ಅಣೆಕಟ್ಟುವದು ಸುಲಭ. ಒಳನಾಡಿನ ಎತ್ತರದ ಎರೆಹೊಲಗಳಿಗೆ ನೀರನ್ನು ಏರಿಸುವದು ಆ ಕಾಲದ ಸಾಧನಗಳಿಗೆ ಕಷ್ಟಸಾಧ್ಯ. ರಾಜಧಾನಿಯ ಜನಕ್ಕೆ ಅಕ್ಕಿ, ಎಲೆ, ಹಣ್ಣುಗಳು ಬೇಕಾಗಿದ್ದುದರಿಂದಲೂ ಕಾಲುವೆಗಳು ಅಲ್ಲಿ ಹೆಚ್ಚಾದವು. ಆದರೆ ಪ್ರಕೃತಿಯೊಂದರಿಂದಲೇ ಎಲ್ಲವನ್ನೂ ವಿವರಿಸುವದಾಗದು. ಕೃಷ್ಣದೇವರಾಯನು 1520ರಲ್ಲಿ ರಾಯಚೂರನ್ನು ಗೆದ್ದನು. ಮರುವರ್ಷ, 1521ರಲ್ಲಿ, ಅವನು ಹೊಸಪೇಟೆಯ ಕಡೆಯ ಬಸವಣ್ಣಕಾಲುವೆಯ ಕೆಲಸವನ್ನು ಮಾಡಿಸಿದನೆಂದು ತಿಳಿದುಬರುತ್ತದೆ. ಅದು ದಕ್ಷಿಣದಂಡೆಯ ಕಾಲುವೆ. ಗೆದ್ದ ನಾಡಿಗೆ ಕಾವಲುದಂಡನ್ನು ಕೊಟ್ಟನು. ಪಿತ್ರಾರ್ಜಿತವಾದ ನಾಡಿಗೆ ನೀರನ್ನು ಕೊಟ್ಟನು. ಇದರಲ್ಲಿ ಅವನನ್ನು ದೂಷಿಸುವಂತೆಯೂ ಇಲ್ಲ. 1529ರಲ್ಲಿ ಅವನು ತೀರಿಕೊಂಡ ಕೂಡಲೇ, 1530ರಲ್ಲಿ ಇಸ್ಮಾಯಿಲ ಆದಿಲಶಹನು ರಾಯಚೂರು ಮುದಗಲ್ಲುಗಳನ್ನು ಮರಳಿ ಹಿಡಿದನು. ಹತ್ತು ವರ್ಷಗಳ ಒಡೆತನವು ಕೋಟೆಯನ್ನು ದುರಸ್ತಿ ಮಾಡಲು ಸಾಕು. ಒಂದು ನಾಡಿನ ನೀರಾವರಿಗೆ ಸಾಲದು. ಪೋರುಮಾಮಿಳ್ಳದ ಶಾಸನಕಾರನು ಗಡಿಯನ್ನು ದೋಷವೆಂದು ಎಣಿಸಿದ್ದರ ಮರ್ಮವು ಇಲ್ಲಿದೆ.

ಗಡಿಯ ದೋಷವು ತೋರುವದಕ್ಕೆ ಕತ್ತಿಯೇ ಹಿರಿಯಬೇಕೆಂದೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಡಿನ ಯುದ್ಧಗಳು ನಿಂತವು, ಆದರೆ ಗಡಿಯು ನಿಂತಲ್ಲಿಯೇ ನಿಂತಿತು. ತುಂಗಭದ್ರೆಯ ದಕ್ಷಿಣಕ್ಕೆ ಕುಂಪಣಿಯ ಮದ್ರಾಸ ಇಲಾಖೆ, ಉತ್ತರಕ್ಕೆ ನಿಜಾಮನ ರಾಜ್ಯ. 1853ರ ಒಪ್ಪಂದದಂತೆ ನಿಜಾಮನು ವರ್ಹಾಡ ಧಾರಾಶಿವಗಳೊಡನೆ ರಾಯಚೂರು ದೋಆಬವನ್ನೂ ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಿದನು. ಏಳು ವರ್ಷಗಳ ಮಟ್ಟಿಗೆ ಎರಡೂ ದಂಡೆಗಳ ಮೇಲೆ ಒಂದೇ ಅಧಿಕಾರವಿತ್ತು. 1860ರಲ್ಲಿ ದೋಆಬವು ನಿಜಾಮನಿಗೆ ಮರಳಿತು. ಸರ್ ಆರ್ಥರ ಕಾಟನನು ತುಂಗಭದ್ರೆಗೆ ದೊಡ್ಡ ಜಲಾಶಯವನ್ನು ಕಟ್ಟಬೇಕೆಂಬ ಯೋಚನೆಯನ್ನು ಮುಂದಿಟ್ಟದ್ದೂ ಅದೇ 1860ರಲ್ಲಿ ಎಂಬದು ಕಾಲದ ವಿಚಿತ್ರ. ಯೋಚನೆಯು ಕಾಗದದಲ್ಲಿಯೇ ಉಳಿಯಿತು. 1863ರಿಂದ 1870ರವರೆಗಿನ ಅವಧಿಯಲ್ಲಿ ಸುಂಕೇಸುಲದ ಅಣೆಯಿಂದ ಕರ್ನೂಲು ಕಡಪಾಗಳಿಗೆ ಕಾಲುವೆಯು ಮಾತ್ರ ಹೋಯಿತು. ಅದೂ ಮದ್ರಾಸಿನ ದಂಡೆಗೇ. ಮೈಸೂರು, ಮದ್ರಾಸು, ಹೈದರಾಬಾದು, ಈ ಮೂರು ಸರಕಾರಗಳು ಒಂದೇ ನದಿಯ ನೀರಿಗಾಗಿ ಪತ್ರವ್ಯವಹಾರವನ್ನು ನಡೆಸುತ್ತಿರುವಾಗಲೇ 1876ರಿಂದ 1878ರವರೆಗಿನ ಮಹಾಕ್ಷಾಮವು ಬಂದು ಎರಡೂ ದಂಡೆಗಳ ಜನರನ್ನು ಭೇದವಿಲ್ಲದೆ ಕೊಂಡೊಯ್ದಿತು.

ಕೊನೆಗೆ 1944ರ ಜೂನಿನಲ್ಲಿ ಮದ್ರಾಸು ಹೈದರಾಬಾದುಗಳಿಗೆ ಒಪ್ಪಂದವಾಗಿ, 1945ರ ಫೆಬ್ರುವರಿ 28ರಂದು ಕೆಲಸಕ್ಕೆ ಆರಂಭವಾಯಿತು. ಆ ದಿನ ಒಂದೇ ಅಣೆಕಟ್ಟಿಗೆ ಎರಡು ದಂಡೆಗಳಲ್ಲಿ ಎರಡು ಸಮಾರಂಭಗಳು ನಡೆದವು: ಬಲದಂಡೆಯಲ್ಲಿ ಮದ್ರಾಸಿನ ಗವರ್ನರ ಸರ್ ಆರ್ಥರ ಹೋಪರ ಹಸ್ತದಿಂದ, ಎಡದಂಡೆಯಲ್ಲಿ ಬೇರಾರಿನ ರಾಜಕುಮಾರನ ಹಸ್ತದಿಂದ. ಗಡಿಯು ಇನ್ನೊಮ್ಮೆ ತನ್ನ ಗುಣವನ್ನು ತೋರಿಸಿತು. 1947ರ ಆಗಸ್ಟಿನ ತರುವಾಯ ಹೈದರಾಬಾದು ಭಾರತದಲ್ಲಿ ಸೇರದೆ ನಿಂತ ಹದಿಮೂರು ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಅಂಜಿ ಈ ಸೀಮೆಯ ಎಷ್ಟೋ ಒಕ್ಕಲುಗಳು ಗಡಿಯಾಚೆಗೆ ವಲಸೆಹೋದವು. ಮುಂಡರಗಿ ಗಜೇಂದ್ರಗಡ ಮೊದಲಾದ ಗಡಿಯೂರುಗಳಲ್ಲಿ ಹೋರಾಟದ ಶಿಬಿರಗಳು ನಿಂತವು. ಒಕ್ಕಲು ಹೋದ ಮೇಲೆ ಹೊಲವನ್ನು ಹಸನುಮಾಡುವವರಾರು? 1948ರ ಸೆಪ್ಟೆಂಬರ 17ರಂದು ಆ ಅಧ್ಯಾಯವು ಮುಗಿಯಿತು. 1953ರಲ್ಲಿ ಕಾಲುವೆಗೆ ನೀರು ಬಂದಿತು. 1956ರಲ್ಲಿ ರಾಯಚೂರು ಬಳ್ಳಾರಿಗಳೆರಡೂ ಒಂದೇ ರಾಜ್ಯದಲ್ಲಿ ಕೂಡಿದವು.

ಇಂದು ಎಡದಂಡೆಯ ಮುಖ್ಯಕಾಲುವೆಯು ಸುಮಾರು 227 ಕಿಲೋಮೀಟರ ಉದ್ದ ಹರಿಯುತ್ತದೆ. ಗಂಗಾವತಿ, ಸಿಂಧನೂರು, ಮಾನವಿಗಳ ಭತ್ತವನ್ನು ನಾಡೆಲ್ಲ ಬಲ್ಲದು. ಜಲಾಶಯದಲ್ಲಿ ಹೂಳು ತುಂಬುತ್ತಿದೆ, ಕಾಲುವೆಯ ಕೊನೆಯ ಊರುಗಳಿಗೆ ನೀರು ಸಾಕಾಗುತ್ತಿಲ್ಲ ಎಂಬ ಗೋಳುಗಳು ಇಲ್ಲವೆಂದಲ್ಲ. ಆದರೆ ಇವು ಮಾತಿನಿಂದಲೂ ಕೆಲಸದಿಂದಲೂ ತೀರತಕ್ಕ ಗೋಳುಗಳು. ರಾಯಚೂರು ಕೊಪ್ಪಳಗಳ ಹಿಂದುಳಿದಿರುವಿಕೆಯನ್ನು ಕುರಿತು ಮಾತನಾಡುವಾಗ ನೆಲದ ಗುಣವನ್ನೂ ಜನರ ಆಲಸ್ಯವನ್ನೂ ಕಾರಣವಾಗಿ ಹೇಳುವವರನ್ನು ನಾವು ಕೇಳುತ್ತೇವೆ. ನೆಲವು ಅದೇ, ಜನರೂ ಅದೇ ಸಂತತಿಯವರು. ನೀರು ಬಂದ ಒಂದು ತಲೆಮಾರಿನಲ್ಲಿಯೇ ಆ ಹೊಲಗಳು ಏನನ್ನು ಕೊಟ್ಟವೆಂಬದು ಎಲ್ಲರ ಕಣ್ಣೆದುರಿಗೆ ಇದೆ. ಕೊರತೆಯಾಗಿದ್ದದ್ದು ಎರಡು ದಂಡೆಗಳ ನಡುವಿನ ನಂಬಿಕೆ.

ಪೋರುಮಾಮಿಳ್ಳದ ಶಾಸನವು ಹುಟ್ಟಿದ 576 ವರ್ಷಗಳ ಮೇಲೆ ತುಂಗಭದ್ರೆಯ ಕೆಲಸವು ಆರಂಭವಾಯಿತು. ಆಗಲೂ ಆ ಸ್ಥಳವು ಎರಡು ರಾಜ್ಯಗಳ ಗಡಿಯೇ ಆಗಿತ್ತು. ಶಾಸನದ ಮಾತಿನಂತೆ ಅಲ್ಲಿ ಕೆರೆಯನ್ನು ಕಟ್ಟಕೂಡದಾಗಿತ್ತು. ಕಟ್ಟಲು ಸಾಧ್ಯವಾದದ್ದು ಗಡಿಯು ಅಳಿದುದರಿಂದಲ್ಲ, ಗಡಿಯ ಆಚೀಚೆಯವರು ನೀರನ್ನು ಹಂಚಿಕೊಳ್ಳುವೆವೆಂದು ಬರೆದುಕೊಟ್ಟುದರಿಂದ. ಭಾಸ್ಕರ ಭವದೂರನ ಪಂಡಿತರು ಹೇಳಿದ ಆರು ದೋಷಗಳಲ್ಲಿ ಐದನ್ನು ತೀರಿಸಲು ಬೇರೆ ಸ್ಥಳವನ್ನು ಹುಡುಕಬೇಕು, ಇಲ್ಲವೆ ಮಣ್ಣು ಕಲ್ಲುಗಳಿಂದ ದುಡಿಯಬೇಕು. ಆರನೆಯದೊಂದು ಮಾತ್ರ ಮನುಷ್ಯರು ಕುಳಿತು ಆಡಿದ ಮಾತಿನಿಂದ ತೀರುವಂತಹದು. ಹೀಗಿದ್ದೂ ಎಡೆದೊರೆಯ ಒಕ್ಕಲಿಗನು ಅದಕ್ಕಾಗಿಯೇ ಎಲ್ಲಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು.